ಕ್ಷೌರದ ಕತ್ತಿ: ಕಲ್ಲು ಮಾಡುವ ಕೆಲಸ, ತೊಗಲು ಮಾಡುವ ಕೆಲಸ

ಪ್ರಶ್ನೆ: ಅಜ್ಜ ಬಳಸುತ್ತಿದ್ದ, ಜರ್ಮನಿಯ ಸೋಲಿಂಗನ್ ಎಂಬ ಮುದ್ರೆಯಿರುವ ಮಡಚುವ ಕ್ಷೌರದ ಕತ್ತಿಯೊಂದು ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಚರ್ಮದ ಪಟ್ಟಿಯ ಮೇಲೆ ಎಷ್ಟು ತಿಕ್ಕಿದರೂ ಅದು ಗಡ್ಡವನ್ನು ಕತ್ತರಿಸುವ ಬದಲು ಎಳೆಯುತ್ತದೆ. ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಕೊಡಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಕೊಡಬೇಡಿ. ತಿರುಗುವ ಸಾಣೆಚಕ್ರ ಕುಡುಗೋಲಿಗೂ ಅಡುಗೆಮನೆಯ ಚೂರಿಗೂ ತಕ್ಕದ್ದು. ಕ್ಷೌರದ ಕತ್ತಿಯ ಅಂಚು ಬಹಳ ತೆಳುವಾಗಿರುವುದರಿಂದ ಚಕ್ರದ ಶಾಖಕ್ಕೆ ಕ್ಷಣಮಾತ್ರದಲ್ಲಿ ಕಾಯುತ್ತದೆ. ಅಲ್ಲಿ ನೀಲಿ ಛಾಯೆ ಮೂಡಿತೆಂದರೆ ಉಕ್ಕಿನ ಹದ ಕೆಟ್ಟಿತೆಂದೇ ಅರ್ಥ, ಆ ಭಾಗವನ್ನು ಪೂರ್ತಿ ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ.

ಪಟ್ಟಿಯಿಂದ ಫಲ ಸಿಗದಿರುವುದಕ್ಕೆ ಕಾರಣ ಸರಳವಾಗಿದೆ. ಹರಿತವನ್ನು ಹುಟ್ಟಿಸುವುದು ಕಲ್ಲು. ತೊಗಲು ಮಾಡುವುದು ಈಗಾಗಲೇ ಇರುವ ಹರಿತವನ್ನು ನೇರಗೊಳಿಸಿ ನಯಗೊಳಿಸುವ ಕೆಲಸ ಮಾತ್ರ. ವರ್ಷಗಟ್ಟಲೆ ಮೂಲೆಯಲ್ಲಿದ್ದು ಮೊಂಡಾದ ಕತ್ತಿಯನ್ನು ತೊಗಲಿನ ಮೇಲೆ ಎಷ್ಟು ಎಳೆದರೂ ಅದಕ್ಕೆ ಹೊಸ ಅಂಚು ಬರುವುದಿಲ್ಲ.

ಈ ಕತ್ತಿಯನ್ನು ರೂಪಿಸಿದವರ ಜಾಣ್ಮೆ ಅದರ ದಪ್ಪ ಬೆನ್ನಿನಲ್ಲಿದೆ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನು ಮತ್ತು ಅಂಚು ಎರಡೂ ಒಟ್ಟಿಗೆ ತಾಗುವಂತೆ ಇಟ್ಟರೆ ಮಸೆಯುವ ಕೋನ ತಾನಾಗಿಯೇ ಸಿದ್ಧವಾಗುತ್ತದೆ. ಎರಡೂ ಬದಿ ಸೇರಿ ಅದು ಸುಮಾರು 16ರಿಂದ 17 ಡಿಗ್ರಿ ಇರುತ್ತದೆ. ಆದ್ದರಿಂದ ಮಸೆಯುವಾಗ ಬೆನ್ನನ್ನು ಯಾವ ಕಾರಣಕ್ಕೂ ಕಲ್ಲಿನಿಂದ ಎತ್ತಬಾರದು. ಅಂಚು ಮುಂದಾಗಿ ಅಲಗು ಸಾಗಬೇಕು. ಕಲ್ಲಿನ ತುದಿ ತಲುಪಿದಾಗ ಬೆನ್ನಿನ ಮೇಲೆಯೇ ಹೊರಳಿಸಿ ಮತ್ತೊಂದು ಬದಿಯಲ್ಲಿ ಹಿಂದಕ್ಕೆ ತರಬೇಕು. ಕಲ್ಲು ಅಲಗಿನ ಉದ್ದಕ್ಕಿಂತ ಕಿರಿದಾಗಿದ್ದರೆ ಬುಡದಿಂದ ತುದಿಯವರೆಗೆ ಎಲ್ಲ ಭಾಗಕ್ಕೂ ಕಲ್ಲು ಸಿಗುವಂತೆ ಓರೆಯಾಗಿ ಎಳೆಯಿರಿ.

ಮೊದಲು ಭೂತಗನ್ನಡಿಯಲ್ಲಿ ಅಂಚನ್ನು ನೋಡಿ. ದೊಡ್ಡ ಹಲ್ಲು ಬಿದ್ದಿದ್ದರೆ ಅಥವಾ ತುಕ್ಕು ಅಂಚನ್ನೇ ತಿಂದಿದ್ದರೆ ಬಲ್ಲವರಿಗೆ ಒಪ್ಪಿಸುವುದು ಮೇಲು. ಹಾಗಿಲ್ಲವಾದರೆ ಸಮತಟ್ಟಾದ 1000 ಗ್ರಿಟ್‌ನ ನೀರುಕಲ್ಲಿನಿಂದ (ನೀರು ಹಾಕಿ ಮಸೆಯುವ ಕಲ್ಲು) ಆರಂಭಿಸಿ. ಗ್ರಿಟ್ ಎಂದರೆ ಕಲ್ಲಿನ ನಯದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ. ನಿಮ್ಮ ತಾಳ್ಮೆಯ ಬಹುಪಾಲು ಇಲ್ಲಿಯೇ ವ್ಯಯವಾಗಬೇಕು, ಏಕೆಂದರೆ ಎರಡೂ ಬದಿಯ ಇಳಿಜಾರುಗಳು ಅಲಗಿನ ಉದ್ದಕ್ಕೂ ಒಂದೇ ಗೆರೆಯಲ್ಲಿ ಕೂಡದ ಹೊರತು ಮುಂದಿನ ಎಷ್ಟೇ ನಯವಾದ ಕಲ್ಲೂ ಉಪಯೋಗಕ್ಕೆ ಬಾರದು. ಇಳಿಜಾರಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಎಳೆದು ನೋಡಿ. ಅಂಚಿನ ಬಳಿ ಮಸಿ ಉಳಿದ ಜಾಗಕ್ಕೆ ಕಲ್ಲು ಇನ್ನೂ ತಲುಪಿಲ್ಲವೆಂದು ತಿಳಿಯುತ್ತದೆ. ಅನಂತರ 4000 ಅಥವಾ 5000, ಬಳಿಕ 8000, ಮನಸ್ಸಿದ್ದರೆ 12000 ಗ್ರಿಟ್. ಒಂದೊಂದು ಮೆಟ್ಟಿಲಿಗೂ ಕೈಯ ಒತ್ತಡ ಇಳಿಯುತ್ತ ಬಂದು, ಕೊನೆಯ ಕಲ್ಲಿನ ಮೇಲೆ ಕತ್ತಿಯ ತೂಕವಷ್ಟೇ ಉಳಿಯಬೇಕು. ಬೇಗ ಮುಗಿಸುವ ಆಸೆಯಿಂದ ಒತ್ತಿದರೆ ತೆಳುವಾದ ಅಲಗು ಬಾಗಿ, ಅಂಚು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಸವೆಯುತ್ತದೆ. ಬೆಲ್ಜಿಯಂನ ಆರ್ಡೆನ್ ಪ್ರದೇಶದಲ್ಲಿ ಸಿಗುವ, ಸೂಕ್ಷ್ಮ ಗಾರ್ನೆಟ್ ಕಣಗಳಿರುವ ಹಳದಿ ಕೋಟಿಕ್ಯೂಲ್ ಕಲ್ಲನ್ನು ಬಲ್ಲವರು ಬಹಳ ಮೆಚ್ಚುತ್ತಾರೆ; ಆದರೂ ಹೊಸಬರಿಗೆ ಗ್ರಿಟ್ ನಿಗದಿಯಾಗಿರುವ ಕೃತಕ ಕಲ್ಲೇ ಅನುಕೂಲ ಎಂಬುದು ನನ್ನ ಅಭಿಪ್ರಾಯ.

ತೊಗಲಿನ ಮೇಲೆ ದಿಕ್ಕು ತಿರುವುಮುರುವು: ಇಲ್ಲಿ ಬೆನ್ನು ಮುಂದೆ, ಅಂಚು ಹಿಂದೆ. ಇದನ್ನು ಮರೆತರೆ ತೊಗಲು ಸೀಳುತ್ತದೆ, ಅಂಚೂ ಹಾಳಾಗುತ್ತದೆ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಿರಿ, ಏಕೆಂದರೆ ಜೋತುಬಿದ್ದ ಪಟ್ಟಿಯ ಮೇಲೆ ಅಂಚು ಗುಂಡಗಾಗುತ್ತದೆ. ನಿಮ್ಮ ಕತ್ತಿಗೂ ಹೀಗಾಗಿರುವ ಸಾಧ್ಯತೆಯಿದೆ. ಪ್ರತಿ ಕ್ಷೌರಕ್ಕೆ ಮೊದಲು ಬಟ್ಟೆಯ ಪಟ್ಟಿಯ ಮೇಲೆ 20–30, ತೊಗಲಿನ ಮೇಲೆ 50–60 ಸಲ ಸಾವಕಾಶವಾಗಿ ಎಳೆದರೆ ಸಾಕು. ವೇಗ ತಾನಾಗಿ ಬರುತ್ತದೆ, ಅದನ್ನು ಬೆನ್ನಟ್ಟಬೇಡಿ.

ಪ್ರಶ್ನೆ: ಉಕ್ಕಿಗಿಂತ ಎಷ್ಟೋ ಮೃದುವಾದ ಕೂದಲು ಕತ್ತಿಯನ್ನು ಮೊಂಡಾಗಿಸುವುದು ಹೇಗೆ? ಎಷ್ಟು ದಿನಕ್ಕೊಮ್ಮೆ ಮಸೆಯಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕೂದಲು ಕತ್ತರಿಸಿ ಇದನ್ನೇ ಪರೀಕ್ಷಿಸಿದರು, ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಕೂದಲು ಅಲಗಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೃದುವಾದರೂ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ, ಕೂದಲು ಓರೆಯಾಗಿ ಬಾಗಿ ತಾಗಿದಾಗ, ಅಂಚಿನಿಂದ ಅತಿಸಣ್ಣ ಚೂರುಗಳು ಸಿಡಿಯುತ್ತವೆ. ಅವರು ಪರೀಕ್ಷಿಸಿದ್ದು ಬಳಸಿ ಎಸೆಯುವ ರೇಜರಿನ ಅಲಗುಗಳನ್ನು. ಅಂತಹ ನಷ್ಟವನ್ನು ತೊಗಲು ತುಂಬಿಕೊಡಲಾರದು, ಮತ್ತೆ ಕಲ್ಲೇ ಬೇಕು. ದಿನಗಳ ಲೆಕ್ಕಕ್ಕಿಂತ ಕತ್ತಿಯ ನಡತೆಯನ್ನು ಗಮನಿಸಿ: ಪಟ್ಟಿಗೆ ಹಾಕಿದ ಮೇಲೂ ಗಲ್ಲದ ಬಳಿ ಕೂದಲು ಎಳೆದಂತಾದರೆ ನಯವಾದ ಕಲ್ಲಿನ ಮೇಲೆ ಕೆಲವು ಸಲ ಎಳೆಯಿರಿ, ಅಥವಾ ಹಸಿರು ಕ್ರೋಮಿಯಂ ಆಕ್ಸೈಡ್ (ಉಕ್ಕನ್ನು ನಯಗೊಳಿಸುವ ಸೂಕ್ಷ್ಮ ಪುಡಿ) ಲೇಪಿಸಿದ ಬೇರೊಂದು ಪಟ್ಟಿಯನ್ನು ಬಳಸಿ. ನಿತ್ಯದ ತೊಗಲಿಗೆ ಆ ಲೇಪ ತಾಗದಿರಲಿ. ಬಿಸಿನೀರು, ನೊರೆಗಳಿಂದ ಗಡ್ಡವನ್ನು ಚೆನ್ನಾಗಿ ನೆನೆಸಿ, ಅಲಗನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದರೆ ಹರಿತ ಹೆಚ್ಚು ಕಾಲ ಬಾಳುತ್ತದೆ.

ಪ್ರಶ್ನೆ: ಸಲೂನಿನಲ್ಲಿ ಬಳಸುವ ಕತ್ತಿಗೂ ಪಟ್ಟಿ ಬೇಕೇ?
– ಓದುಗರೊಬ್ಬರು, ತುಮಕೂರು

ಉತ್ತರ: ಬೇಡ. ಅದರಲ್ಲಿ ಅರ್ಧ ಬ್ಲೇಡನ್ನು ಸಿಕ್ಕಿಸಿ, ಒಬ್ಬರಿಗೆ ಬಳಸಿದ ಮೇಲೆ ಎಸೆಯುತ್ತಾರೆ. ರಕ್ತದ ಮೂಲಕ ಹರಡುವ ಹೆಪಟೈಟಿಸ್, ಎಚ್‌ಐವಿ ಸೋಂಕುಗಳನ್ನು ತಡೆಯಲು ಇದು ಅಗತ್ಯ. ಅದೇ ಕಾರಣಕ್ಕೆ ಮನೆಯ ಮಸೆದ ಕತ್ತಿಯೂ ಒಬ್ಬರಿಗೇ ಮೀಸಲಾಗಿರಬೇಕು. ಬಳಸಿದ ಕೂಡಲೇ ತೊಳೆದು, ಪೂರ್ತಿ ಒರಸಿ, ಮಳೆಗಾಲದಲ್ಲಿ ತೆಳುವಾಗಿ ಎಣ್ಣೆ ಸವರಿ, ಬಚ್ಚಲುಮನೆಯಿಂದ ದೂರದಲ್ಲಿಡಿ.