ಕರಾರಿಗೆ ಸಹಿಯಾಗದೆ ಅಂಗಡಿ ನಡೆಸುತ್ತಿರುವ ಬಾಡಿಗೆದಾರನಿಗೆ ಕಾನೂನಿನಲ್ಲಿ ಏನು ಸ್ಥಾನ?

ನೀವು ಬರೆದಿರುವ ಪ್ರಕಾರ, ದಾವಣಗೆರೆಯಲ್ಲಿ 400 ಚದರಡಿಯ ಮಳಿಗೆಯನ್ನು ಐದು ವರ್ಷಕ್ಕೆಂದು ಮಾತಾಡಿ, ಅಡ್ವಾನ್ಸ್ ಕೊಟ್ಟು, ಬೀಗದ ಕೈ ಪಡೆದು ಬಟ್ಟೆ ಅಂಗಡಿ ತೆರೆದಿದ್ದೀರಿ. ಕರಾರಿನ ಕರಡು ಎರಡು ಸಲ ತಿದ್ದುಪಡಿಯಾಗಿ, ಸಹಿ ಬೀಳದೆ ಉಳಿದಿದೆ. 14 ತಿಂಗಳಿಂದ ಬಾಡಿಗೆ ಬ್ಯಾಂಕ್ ಮೂಲಕ ಸಂದಾಯವಾಗುತ್ತಿದ್ದರೂ, 'ಕರಾರೇ ಇಲ್ಲ, ಬೀಗ ಹಾಕುತ್ತೇನೆ' ಎಂದು ಮಾಲೀಕರು ಈಗ ಹೇಳುತ್ತಿದ್ದಾರೆ.

ಸಿವಿಲ್ ದಾವೆಗಳನ್ನು ನಡೆಸುವ ವಕೀಲನಾಗಿ ನನ್ನ ಅಭಿಪ್ರಾಯವೆಂದರೆ, ನೀವು ಐದು ವರ್ಷದ ಬಾಡಿಗೆದಾರರೂ ಅಲ್ಲ, ಅತಿಕ್ರಮಣ ಮಾಡಿದವರೂ ಅಲ್ಲ. ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆದಾರರು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮಿನ ಪ್ರಕಾರ ಒಂದು ವರ್ಷಕ್ಕೆ ಮೀರಿದ ಬಾಡಿಗೆ ಹಕ್ಕು ನೋಂದಾಯಿತ ಪತ್ರದಿಂದ ಮಾತ್ರ ಹುಟ್ಟುತ್ತದೆ (ನಮ್ಮಲ್ಲಿ ಎಲ್ಲರೂ 11 ತಿಂಗಳ ಕರಾರು ಬರೆಸುವ ಗುಟ್ಟು ಇದೇ). ಆದ್ದರಿಂದ ನಿಮ್ಮ ಕರಡಿಗೆ ಸಹಿ ಬಿದ್ದಿದ್ದರೂ, ನೋಂದಣಿಯಾಗದ ಹೊರತು, ಐದು ವರ್ಷದ ಅವಧಿಯನ್ನು ಅದರ ಬಲದಿಂದ ಕೇಳಲಾಗುತ್ತಿರಲಿಲ್ಲ. ಆದರೆ ಸ್ವಾಧೀನ ಕೊಟ್ಟು ತಿಂಗಳ ಬಾಡಿಗೆ ಪಡೆಯುತ್ತಾ ಬಂದವರು ಬಾಡಿಗೆಯ ಸಂಬಂಧವೇ ಇಲ್ಲ ಎನ್ನಲಾಗದು. ನೋಂದಣಿಯಾಗದ ಐದು ವರ್ಷದ ಪತ್ರವೊಂದರ ಬಗ್ಗೆ, ಆಂಥೋನಿ ವಿರುದ್ಧ ಕೆ.ಸಿ. ಇಟ್ಟೂಪ್ ಅಂಡ್ ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ರಲ್ಲಿ ಹೇಳಿದ್ದೂ ಇದನ್ನೇ.

ಇದರಿಂದ ನಿಮಗೆ ಸಿಗುವ ರಕ್ಷಣೆಯನ್ನು ಹಿಗ್ಗಿಸಿ ನೋಡಬೇಡಿ. ಅದೇ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಮಾಲೀಕರು ಕಾರಣವನ್ನೇ ಹೇಳದೆ 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಬಾಡಿಗೆಯನ್ನು ಕೊನೆಗೊಳಿಸಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ನೆರವಿಗೆ ಬಾರದು, ಏಕೆಂದರೆ ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ, ಮೀರದವುಗಳಿಗಷ್ಟೇ ಅದು ಅನ್ವಯಿಸುತ್ತದೆ. ಆದರೆ ನೋಟಿಸ್ ಅವಧಿ ಮುಗಿದ ಮೇಲೂ ನೀವು ಬಿಡದಿದ್ದರೆ ಅವರು ನ್ಯಾಯಾಲಯಕ್ಕೆ ಹೋಗಬೇಕೇ ಹೊರತು ತಾವೇ ಬೀಗ ಜಡಿಯುವಂತಿಲ್ಲ. ಕಾನೂನಿನ ಕ್ರಮವಿಲ್ಲದೆ ತೆರವು ಮಾಡಿಸಬಾರದೆಂದು ತಡೆಯಾಜ್ಞೆ ಕೋರಿ ನೀವು ಈಗಲೇ ದಾವೆ ಹೂಡಬಹುದು; ಅಷ್ಟರಲ್ಲಿ ಬೀಗ ಬಿದ್ದೇಬಿಟ್ಟರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ಸ್ವಾಧೀನ ಮರಳಿ ಕೇಳಬಹುದು, ಅಲ್ಲಿ ಮಾಲೀಕತ್ವದ ಪ್ರಶ್ನೆ ಅಡ್ಡ ಬರುವುದಿಲ್ಲ.

ಬಣ್ಣ, ನೆಲಹಾಸಿಗೆ ಹಾಕಿದ ಹಣ ವಾಪಸ್ ಬರುವುದು ಕಷ್ಟ. ಆದರೆ ನೀವು ಜೋಡಿಸಿದ ರ‍್ಯಾಕು, ಶೋಕೇಸುಗಳನ್ನು, ಮಳಿಗೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಡುವುದಾದರೆ, ಸ್ವಾಧೀನದಲ್ಲಿರುವಾಗಲೇ ಬಿಚ್ಚಿಕೊಂಡು ಹೋಗಲು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಅವಕಾಶ ಕೊಡುತ್ತದೆ.

ಕರಡು ಹೋದ ಮಿಂಚಂಚೆ, ವಾಟ್ಸಾಪ್ ಸಂದೇಶಗಳು ಮತ್ತು ಅಡ್ವಾನ್ಸ್ ಕೊಟ್ಟ ದಾಖಲೆಯನ್ನು ಜೋಪಾನವಾಗಿಡಿ. ಹಿಂದಿನ ದಿನಾಂಕ ಹಾಕಿದ ಯಾವ ಕಾಗದಕ್ಕೂ ಈಗ ಸಹಿ ಮಾಡಬೇಡಿ. ಈ ತಿಂಗಳ ಬಾಡಿಗೆಯನ್ನೂ ಬ್ಯಾಂಕ್ ಮೂಲಕವೇ ಕಳಿಸಿ. ಅವರು ಹಿಂದಿರುಗಿಸಿದರೆ ಆ ನಮೂದನ್ನೂ ತೆಗೆದಿಡಿ.