ಟಿಷಿಯನ್‌ನ ಡಯಾನಾ: ಬಲ ಯಾರದು?

ಇಟಲಿಯ ಚಿತ್ರಕಾರ ಟಿಷಿಯನ್‌ನ ‘ಡಯಾನಾ ಮತ್ತು ಆಕ್ಟಿಯಾನ್’ ಚಿತ್ರದ ಬಗ್ಗೆ ಪ್ರಬಂಧ ಬರೆಯಹೊರಟ ನೀವು, ಬೇಟೆಯ ದೇವತೆಯಾಗಿಯೂ ಡಯಾನಾ ತನ್ನ ಸ್ನಾನದ ಜಾಗಕ್ಕೆ ಬಂದುಬಿಟ್ಟ ಬೇಟೆಗಾರ ಆಕ್ಟಿಯಾನ್ ಎದುರು ಮೈ ಮುಚ್ಚಿಕೊಳ್ಳುತ್ತಿದ್ದಾಳೆ, ಹಾಗಾದರೆ ಬಲ ಯಾರದು ಅಂತ ಕೇಳಿದ್ದೀರಿ. ಬರೀ ಮೈಗಳನ್ನು ನೋಡಿದ್ದಕ್ಕೇ ಈ ಗೊಂದಲ ಇರಬೇಕು.

ಮೊದಲು ಕಂಬದ ಮೇಲಿನ ಜಿಂಕೆಯ ತಲೆಬುರುಡೆ ನೋಡಿ. ಕಥೆಯಲ್ಲಿ ಮುಂದೆ ಆಕ್ಟಿಯಾನ್ ಡಯಾನಾಳ ಶಿಕ್ಷೆಯಿಂದ ಜಿಂಕೆಯಾಗಿ ತನ್ನದೇ ನಾಯಿಗಳ ಬಾಯಿಗೆ ಬೀಳುತ್ತಾನೆ. ತೀರ್ಪು ಆಗಲೇ ಅಲ್ಲಿದೆ, ಅಲ್ವಾ? ಆಮೇಲೆ ಡಯಾನಾಳ ಓರೆನೋಟ. ನಾಚಿಕೆ ಅಂತಲೂ ಓದಬಹುದು, ನನಗೆ ಕಾಣುವುದು ಕೋಪ.

ಕೊನೆಗೆ ಜೋಡಿ ಚಿತ್ರ ‘ಡಯಾನಾ ಮತ್ತು ಕ್ಯಾಲಿಸ್ಟೊ’ ಪಕ್ಕದಲ್ಲಿಡಿ. ಎರಡನ್ನೂ 1556–59ರಲ್ಲಿ ಸ್ಪೇನಿನ ದೊರೆ 2ನೇ ಫಿಲಿಪ್‌ಗಾಗಿ ಬರೆದದ್ದು; ನೋಡುವ ಕಣ್ಣು ರಾಜನದು. ಈ ಜೋಡಿ ಚಿತ್ರದಲ್ಲಿ ಡಯಾನಾ ಬೆರಳು ಚಾಚಿದ್ದಾಳೆ, ಸಖಿಯರು ತಮ್ಮಲ್ಲೊಬ್ಬಳಾದ ಕ್ಯಾಲಿಸ್ಟೊಳ ಬಟ್ಟೆ ಎತ್ತಿ ಬಸಿರು ತೋರಿಸುತ್ತಿದ್ದಾರೆ. ಅವಳನ್ನು ವಂಚಿಸಿ ಬಲಾತ್ಕಾರ ಮಾಡಿದ ದೇವತೆಗಳ ರಾಜ ಜ್ಯೂಪಿಟರ್ ಚಿತ್ರದಲ್ಲೇ ಇಲ್ಲ! ನಿಮ್ಮ ಪ್ರಬಂಧವನ್ನು ಅಲ್ಲಿಂದ ಶುರು ಮಾಡಿ.