ಕವಿತೆಗಿಂತ ಪತ್ರ ಚೆನ್ನಾಗಿದೆ

ಪ್ರಿಯ ಕವಿಮಿತ್ರರೆ,

ಸೇಡಂ ತಾಲ್ಲೂಕಿನಿಂದ ನೀವು ಕಳಿಸಿದ ಆರು ಕವಿತೆಗಳು, ಸ್ಫೂರ್ತಿಯ ಕುರಿತ ಎರಡು ಪುಟದ ಟಿಪ್ಪಣಿ, ಜೊತೆಗಿನ ಪತ್ರ ಎಲ್ಲವೂ ತಲುಪಿವೆ. ಕವಿತೆಗಳನ್ನು ಪ್ರಕಟಿಸುತ್ತಿಲ್ಲ. ವಿಷಾದದ ಮಾಮೂಲಿ ವಾಕ್ಯ ಬರೆದು ಕೈತೊಳೆದುಕೊಳ್ಳಬಹುದಿತ್ತು; ಪತ್ರ ಓದಿದ ಮೇಲೆ ಮನಸ್ಸಾಗಲಿಲ್ಲ.

ಕವಿತೆ ತಾನಾಗಿ ಇಳಿದು ಬರುತ್ತದೆ, ಇಳಿದದ್ದನ್ನು ತಿದ್ದುವುದು ಅಪಚಾರ ಎಂದು ಟಿಪ್ಪಣಿಯಲ್ಲಿ ಬರೆದಿದ್ದೀರಿ. ಸಾಕ್ಷಿಗೆ ಕವಿರಾಜಮಾರ್ಗವನ್ನು ಕರೆದಿದ್ದೀರಿ: ಈ ನಾಡಿನ ಜನ ‘ಕುರಿತೋದದೆಯುಂ’, ಎಂದರೆ ಓದಿ ಕಲಿಯದೆಯೂ, ಕಾವ್ಯಪ್ರಯೋಗದಲ್ಲಿ ಪರಿಣತರು, ಮತ್ತೆ ತಿದ್ದುವುದೇಕೆ? ಆ ಒಂದು ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ, ಎಂದರೆ ನಿಮ್ಮದೇ ತಾಲ್ಲೂಕಿನ ಮಳಖೇಡದಲ್ಲಿ, ಹುಟ್ಟಿದ ಆ ಗ್ರಂಥದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ಕೆಲಸವೇ ಕಾವ್ಯದಲ್ಲಿ ದೋಷ ಯಾವುದು, ಅಲ್ಲದ್ದು ಯಾವುದು ಎಂಬ ನಿರ್ಣಯ. ಹಾಗೆ ಹೊಗಳಿದವನೇ ಕುಳಿತು ತಪ್ಪು ಹುಡುಕಿದ್ದಾನೆ.

ನಿಮ್ಮ ಕವಿತೆಗಳಲ್ಲಿ ಸೋನೆಮಳೆ ಸುರಿಯುತ್ತದೆ, ಇಬ್ಬನಿ ಜಾರುತ್ತದೆ, ಬೆಟ್ಟದ ಮೇಲೆ ಮಂಜು ಕವಿಯುತ್ತದೆ. ಏಪ್ರಿಲ್‌ನಲ್ಲೇ 40 ಡಿಗ್ರಿ ದಾಟುವ ಸೀಮೆಯವರು ನೀವು! ಮಲೆನಾಡಿನ ಬಗ್ಗೆ ಬರೆಯಿರಿ, ಬೇಡವೆನ್ನುವುದಿಲ್ಲ; ಆದರೆ ಇದು ಪಠ್ಯಪುಸ್ತಕದ ಪದ್ಯಭಾಗದಲ್ಲಿ ಸುರಿದ ಮಳೆ. ಒಂದೇ ಉಸಿರಿಗೆ ಬರುವ ಸಾಲನ್ನು ಬಹಳ ಸಲ ಯಾರೋ ಮೊದಲೇ ಬರೆದಿರುತ್ತಾರೆ. ಅಷ್ಟು ಸಲೀಸಾಗಿ ಬರುವುದು ಅದಕ್ಕೇ.

ಐದನೆಯ ಕವಿತೆ ರೈತನದು. ‘ಭೂತಾಯಿಯ ಕಣ್ಣೀರು’, ‘ಅನ್ನದಾತನ ಬೆವರು’ ಇತ್ಯಾದಿ. ಅದನ್ನು ವೇದಿಕೆಯ ಭಾಷಣಕ್ಕೆ ಬಿಡಿ. ಕವಿತೆ ಕಳಿಸಲು ತಡವಾದದ್ದಕ್ಕೆ ಪತ್ರದಲ್ಲಿ ನೀವು ಕೊಟ್ಟ ಕಾರಣ ನೋಡಿ: “ತೊಗರಿಗೆ ನೆಟೆ ರೋಗ ಬಂದಿದೆ. ನೆಲದಲ್ಲಿ ಹಸಿ ಇದ್ದರೂ ಕಾಯಿ ಕಟ್ಟುವ ಹೊತ್ತಿಗೆ ಗಿಡ ಒಣಗಿತು. ಅಪ್ಪ ಒಂದು ಗಿಡ ಕಿತ್ತು, ಕಾಂಡ ಸೀಳಿ, ಒಳಗಿನ ಕಪ್ಪು ಗೆರೆ ತೋರಿಸಿ, ಏನೂ ಅನ್ನದೆ ಬದುವಿಗೆ ಎಸೆದರು.” ಕಿತ್ತು, ಸೀಳಿ, ತೋರಿಸಿ, ಎಸೆದರು: ನಾಲ್ಕು ಕ್ರಿಯಾಪದ, ಒಂದೂ ವಿಶೇಷಣಕ್ಕೆ ಜೋತುಬಿದ್ದಿಲ್ಲ. ಆರು ಕವಿತೆಗಳಲ್ಲಿ ಇಂಥದ್ದು ಒಂದೂ ಸಿಗಲಿಲ್ಲ. ಇಲ್ಲಿಯೂ ತಿದ್ದಲು ಜಾಗವಿದೆ. ‘ಏನೂ ಅನ್ನದೆ’ ಬೇಕೇ? ಎಸೆದದ್ದರಲ್ಲೇ ಅದು ಬಂದಿದೆ. ಒಮ್ಮೆ ತೆಗೆದು ಓದಿ, ಮತ್ತೊಮ್ಮೆ ಇಟ್ಟು ಓದಿ, ನೀವೇ ತೀರ್ಮಾನಿಸಿ.

ನೌಕರಿ ಬಿಟ್ಟು ಪೂರ್ಣಾವಧಿ ಬರಹಗಾರನಾಗಲೇ ಎಂದು ಕೇಳಿದ್ದೀರಿ. ಬೇಡ. ಕವಿತೆಯೊಂದಕ್ಕೆ ನಾವು ಕೊಡುವ ಗೌರವಧನ ಸೇಡಂನಿಂದ ಕಲಬುರಗಿಗೆ ಬಂದು ಹೋಗುವ ಬಸ್ ಚಾರ್ಜಿಗೆ ಸರಿಹೋಗುತ್ತದೆ. ಚಹಾ ನಿಮ್ಮ ಖರ್ಚು.

ಆ ಒಣಗಿದ ಗಿಡದ ಬಗ್ಗೆ ಬರೆದು ಕಳಿಸಿ, ಕವಿತೆಯೇ ಆಗಬೇಕೆಂದಿಲ್ಲ. ಈ ಸಲ ದಯವಿಟ್ಟು ಯೂನಿಕೋಡ್‌ನಲ್ಲಿರಲಿ. ಹಿಂದಿನ ಕಡತದಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು.

ಇಂತಿ,
ಸಂಪಾದಕ